ಎರಡು ಲೈಪೋ, ಒಂದು ಲೀಥಿಯಂ ಅಯಾನ್: ನನ್ನ ಗ್ಲೈಡರಿಗೆ ಒಗ್ಗಿದ್ದು ಯಾವುದು

ರಿಮೋಟಿನಲ್ಲಿ ಹಾರಿಸುವ ನನ್ನ ಫೋಮ್ ಗ್ಲೈಡರ್ ವಿಮಾನಕ್ಕೆ ಈಗ ಹಾಕುತ್ತಿರುವುದು 21700 ಅಳತೆಯ ಮೂರು ಲೀಥಿಯಂ ಅಯಾನ್ ಸೆಲ್ಲು ಜೋಡಿಸಿದ ಪ್ಯಾಕ್. ಇನ್ನು ಬದಲಿಸುವ ಮನಸ್ಸಿಲ್ಲ. ಅದಕ್ಕೆ ಮೊದಲು ಎರಡು ಲೈಪೋ, ಅಂದರೆ ಲೀಥಿಯಂ ಪಾಲಿಮರ್ ಪ್ಯಾಕ್ ಬಳಸಿದ್ದೆ, ಎರಡೂ 3ಎಸ್ (ಸರಣಿಯಲ್ಲಿ ಮೂರು ಸೆಲ್ಲು), 2200 ಎಂಎಎಚ್. ಒಂದಕ್ಕೆ 1,200 ರೂಪಾಯಿ, ಇನ್ನೊಂದಕ್ಕೆ 2,100.

ನಾನು ಹಾರಿಸುವುದು ಕಾಸರಗೋಡು ಕಡೆಯ ಬದಿಯಡ್ಕದ ಆಚೆ ಒಂದು ಮುಳಿಹುಲ್ಲಿನ ಪದವಿನಲ್ಲಿ, ಅಂದರೆ ಎತ್ತರದ ಬಯಲಿನಲ್ಲಿ. ಮೇಲೆ ಬಟ್ಟಬಯಲು, ಸುತ್ತ ತಗ್ಗಿನಲ್ಲೆಲ್ಲ ಅಡಿಕೆ ತೋಟ. ಮೋಟಾರು ಸರಿಯಾದ ಹೊತ್ತಿಗೆ ತಿರುಗದಿದ್ದರೆ ವಿಮಾನ ಸೋಗೆಯ ಮೇಲೆ ಕೂರುತ್ತದೆ, ಮತ್ತೆ ಉದ್ದ ದೋಟಿ ಹಿಡಿದು ಅಡಿಕೆ ಕೊಯ್ಯುವವರನ್ನು ಕರೆಯಬೇಕು. ಅಗ್ಗದ ಲೈಪೋ ಹಾಕಿದ್ದಾಗ ಒಂದೇ ತಿಂಗಳಲ್ಲಿ ಮೂರು ಸಲ ಹೀಗಾಯಿತು. ನಾಲ್ಕೈದು ನಿಮಿಷ ಚೆನ್ನಾಗಿ ಹಾರಿ, ಮೇಲೇರಿಸಲು ಥ್ರಾಟಲ್ ಪೂರ್ತಿ ಕೊಟ್ಟ ಕೂಡಲೇ ಮೋಟಾರು ನಿಂತಿತು. ರೆಕ್ಕೆ, ಬಾಲ ಮಾತು ಕೇಳುತ್ತಿದ್ದವು, ಪ್ರೊಪೆಲ್ಲರ್ ಮಾತ್ರ ತಿರುಗಲಿಲ್ಲ.

ಇಳಿಸಿ ಮೀಟರ್ ಹಚ್ಚಿದರೆ 10.9 ವೋಲ್ಟ್. ಪ್ಯಾಕ್ ಉಬ್ಬಿರಲಿಲ್ಲ, ಬಿಸಿಯೂ ಇರಲಿಲ್ಲ. ಹಾಗಾಗಿ ಬ್ಯಾಟರಿಯ ಮೇಲೆ ಸಂಶಯವೇ ಬರಲಿಲ್ಲ. ಎಕ್ಸ್‌ಟಿ60 ಕನೆಕ್ಟರಿನ ಬೆಸುಗೆ ಬಿಚ್ಚಿ ಮತ್ತೆ ಹಾಕಿದೆ. ಆಮೇಲೆ 30 ಆಂಪಿಯರಿನ ಹೊಸ ಇಎಸ್‌ಸಿಯನ್ನೇ (ಮೋಟಾರಿನ ವೇಗ ನಿಯಂತ್ರಿಸುವ ಸಾಧನ) ತರಿಸಿದೆ. ಅದರಲ್ಲೂ ಅದೇ ಕಥೆ. ಆ ದುಡ್ಡಿನ ಬೇಸರ ಇನ್ನೂ ಇದೆ.

ಕೊನೆಗೆ ಗುಟ್ಟು ಹೊರಬಿದ್ದದ್ದು ಜೀಪಿನ ಬಲ್ಬಿನಿಂದ. ಗ್ಯಾರೇಜಿನಿಂದ 60/55 ವಾಟ್‌ನ ಎರಡು ಹೆಡ್‌ಲೈಟ್ ಬಲ್ಬು ತಂದೆ. ಎರಡರಲ್ಲೂ ಡಿಮ್ಮು, ಬ್ರೈಟು ಒಟ್ಟಿಗೆ ಹೊತ್ತಿಸಿದರೆ ಸುಮಾರು 18 ಆಂಪಿಯರ್ ಎಳೆಯುತ್ತವೆ. ನನ್ನ ಮೋಟಾರು ಪೂರ್ತಿ ಥ್ರಾಟಲ್‌ನಲ್ಲಿ ಎಳೆಯುವುದೂ ಅಷ್ಟೇ. ಅಂಗಳದಲ್ಲಿ ಮುರಕಲ್ಲಿನ ಮೇಲೆ ಪ್ಯಾಕ್ ಇಟ್ಟು, ಪಕ್ಕದಲ್ಲೊಂದು ಬಕೆಟ್ ಹೊಯ್ಗೆ (ಮರಳು) ಇಟ್ಟುಕೊಂಡು, ಒಂದೊಂದು ಸೆಲ್ಲಿನಿಂದ ಬರುವ ಬ್ಯಾಲೆನ್ಸ್ ತಂತಿಗೆ ಸೆಲ್ ಮೀಟರ್ ಸಿಕ್ಕಿಸಿ ನೋಡುತ್ತಾ ಕೂತೆ. ನಾಲ್ಕು ನಿಮಿಷ ಕಳೆದಾಗ ಮೊದಲ ಸೆಲ್ 3.52 ವೋಲ್ಟ್, ಮೂರನೆಯದು 3.54, ನಡುವಿನದು 2.38. ಬಲ್ಬು ಕಳಚಿದ ಕೂಡಲೇ ನಡುವಿನದು 3.45ಕ್ಕೆ ಎದ್ದು ಕೂತಿತು!

ಇಎಸ್‌ಸಿಗೆ ಒಂದೊಂದು ಸೆಲ್ ಕಾಣುವುದಿಲ್ಲ, ಒಟ್ಟು ವೋಲ್ಟೇಜ್ ಮಾತ್ರ ಕಾಣುತ್ತದೆ. ಮೋಟಾರು ನಿಲ್ಲಿಸುವ ಮಿತಿಯನ್ನು (ಕಟ್‌ಆಫ್) ನಾನು ಇಟ್ಟದ್ದು ಸೆಲ್ಲಿಗೆ 3.15, ಅಂದರೆ ಒಟ್ಟು 9.45. ಮೂರೂ ಸೆಲ್ ಕೂಡಿಸಿದರೆ 9.44. ಅದು ಮೋಟಾರು ನಿಲ್ಲಿಸಿದ್ದು ನ್ಯಾಯವಾಗಿಯೇ ಇತ್ತು. ಚಾರ್ಜರಿನಲ್ಲಿ ಒಳ ಪ್ರತಿರೋಧ (ಹೆಚ್ಚಿದಷ್ಟೂ ಸೆಲ್ ದುರ್ಬಲ) ಅಳೆದರೆ ಎರಡು ಸೆಲ್ಲಿಗೆ 6, 7 ಮಿಲಿಓಮ್, ನಡುವಿನದಕ್ಕೆ 31. ಇದನ್ನು ಮೊದಲೇ ನೋಡಿದ್ದರೆ ಹೊಸ ಇಎಸ್‌ಸಿ ಬೇಕಿರಲಿಲ್ಲ. ಭಾರ ಹಾಕದೆ ಓದಿದ ವೋಲ್ಟ್ ಸೆಲ್ಲಿನ ಆರೋಗ್ಯ ಹೇಳುವುದಿಲ್ಲ, ಉಬ್ಬದ ಪ್ಯಾಕ್ ಒಳ್ಳೆಯದೆಂದೂ ಅಲ್ಲ.

ತಪ್ಪು ಪ್ಯಾಕಿನದು ಮಾತ್ರವೂ ಅಲ್ಲ. ನಮ್ಮಲ್ಲಿ ಮಳೆಗಾಲದ ಹೊಸ್ತಿಲಿನ ಪತ್ತನಾಜೆ ಕಳೆದರೆ ಹಾರಾಟ ಮುಗಿಯಿತು, ಮತ್ತೆ ವಿಮಾನ ಅಟ್ಟದಿಂದ ಇಳಿಯುವುದು ದೀಪಾವಳಿಗೆ. ಆ ಐದು ತಿಂಗಳು ಪ್ಯಾಕ್ ಸೆಲ್ಲಿಗೆ 4.2 ವೋಲ್ಟ್‌ನಲ್ಲಿ ತುಂಬಿಕೊಂಡೇ ಇತ್ತು. ಲೈಪೋವನ್ನು ಎತ್ತಿಡುವಾಗ 3.8ರ ಆಸುಪಾಸಿಗೆ ಇಳಿಸಬೇಕು. ಮಳೆ ಯಾವತ್ತು ಹಿಡಿಯುತ್ತದೋ, ನಾಳೆ ಹಾರಿಸುವ ಅಂತ ತುಂಬಿಸಿಟ್ಟದ್ದು ಹಾಗೆಯೇ ಉಳಿಯಿತು.

ದುಬಾರಿ ಲೈಪೋದ ಮೇಲೆ ದೂರಿಲ್ಲ. ಮೂರೂ ಸೆಲ್ ಒಂದೇ ಸಮ, ಥ್ರಾಟಲ್ ಕೊಟ್ಟರೆ ವಿಮಾನ ನೆಟ್ಟಗೆ ಏರುತ್ತದೆ. ಲಾಗ ಹಾಕಿಸುವ ವಿಮಾನವಿದ್ದವರು ಇದನ್ನೇ ಕೊಳ್ಳಲಿ. ಆದರೆ ಇದೂ ಎತ್ತಿಡುವಾಗ ಅದೇ ಆರೈಕೆ ಕೇಳುತ್ತದೆ.

ಲೀಥಿಯಂ ಅಯಾನ್‌ಗೆ ನಾನು ಆರಿಸಿದ್ದು ಮೊಲಿಸೆಲ್ ಪಿ42ಎ, 4200 ಎಂಎಎಚ್, ಒಂದೊಂದು 70 ಗ್ರಾಂ. ಸೆಲ್ಲು, ಪಟ್ಟಿ, ತಂತಿ, ಕೂಲಿ ಸೇರಿ 2,300 ಆಯಿತು. ಸೆಲ್ಲಿಗೆ ನೇರ ಬೆಸುಗೆ ಹಾಕಿದರೆ ಶಾಖಕ್ಕೆ ಹಾಳಾಗುತ್ತದೆಂದು ಸ್ಕೂಟರ್ ಬ್ಯಾಟರಿ ರಿಪೇರಿಯವರ ಹತ್ತಿರ ಸ್ಪಾಟ್ ವೆಲ್ಡ್ ಮಾಡಿಸಿದೆ. ಮೊದಲ ಸಲ ಒಂಟಿ ನಿಕ್ಕಲ್ ಪಟ್ಟಿ ಹಾಕಿದ್ದರು, 18 ಆಂಪಿಯರಿಗೆ ಅದು ಕೈ ಸುಡುವಷ್ಟು ಕಾಯಿತು. ಪಟ್ಟಿ ಎರಡು ಪದರ ಮಾಡಿಸಿದ ಮೇಲೆ ಸರಿಯಾಯಿತು. ಚಾರ್ಜರಿನ ಲೀಥಿಯಂ ಅಯಾನ್ ಮೋಡ್ 4.1 ವೋಲ್ಟಿಗೇ ನಿಲ್ಲುತ್ತಿತ್ತು. ಈ ಸೆಲ್ 4.2 ತೆಗೆದುಕೊಳ್ಳುವುದರಿಂದ ಹಾರಿಸುವ ದಿನ ಲೈಪೋ ಮೋಡ್‌ನಲ್ಲಿ ತುಂಬಿಸುತ್ತೇನೆ.

ತೂಕ ಲೈಪೋಗಿಂತ 50 ಗ್ರಾಂ ಹೆಚ್ಚು. ಮೂತಿಯ ಫೋಮ್ ಕೆತ್ತಿ ಪ್ಯಾಕನ್ನು ಹಿಂದೆ ಸರಿಸಬೇಕಾಯಿತು. ಏರುವ ರಭಸವೂ ಕಡಿಮೆ, ಪೂರ್ತಿ ಥ್ರಾಟಲ್‌ನಲ್ಲಿ ವೋಲ್ಟೇಜ್ ಲೈಪೋಗಿಂತ ಹೆಚ್ಚು ಕುಸಿಯುತ್ತದೆ. ಆದರೆ ಈ ಸೆಲ್ 2.5 ವೋಲ್ಟ್‌ವರೆಗೂ ತಾಳುತ್ತದೆ. ಕಟ್‌ಆಫನ್ನು ಸೆಲ್ಲಿಗೆ 2.85ಕ್ಕೆ ಇಳಿಸಿದ ಮೇಲೆ ಒಮ್ಮೆಯೂ ಮೋಟಾರು ಮೇಲೆ ನಿಂತಿಲ್ಲ. ಲೈಪೋದಲ್ಲಿ 13 ನಿಮಿಷ ಹಾರುತ್ತಿದ್ದ ಗ್ಲೈಡರ್ ಈಗ 25 ನಿಮಿಷ ಹಾರುತ್ತದೆ. ಕಳೆದ ಮಳೆಗಾಲ ಅರ್ಧ ತುಂಬಿಸಿ ಎತ್ತಿಟ್ಟದ್ದು ದೀಪಾವಳಿಗೆ ತೆಗೆದಾಗ ಮೂರೂ ಸೆಲ್ ಸಮವಾಗಿಯೇ ಇದ್ದವು.

ಲೀಥಿಯಂ ಐರನ್ ಫಾಸ್ಫೇಟ್ ಎಂಬ ಇನ್ನೊಂದು ಬಗೆಯ ಸೆಲ್ಲನ್ನು ನಾನು ನೋಡಲೇ ಇಲ್ಲ. ಸೆಲ್ಲಿಗೆ 3.2 ವೋಲ್ಟ್, ಮೂರು ಸಾಲದು, ನಾಲ್ಕು ಹಾಕಿದರೆ ಭಾರ.

ಕೆಟ್ಟ ಲೈಪೋವನ್ನು ಅದೇ ಜೀಪ್ ಬಲ್ಬಿಗೆ ಕಟ್ಟಿ ಪೂರ್ತಿ ಖಾಲಿ ಮಾಡಿದೆ. ಉಪ್ಪುನೀರಿಗೆ ಹಾಕಿದರೆ ಸಾಕೆನ್ನುವವರಿದ್ದಾರೆ, ಆದರೆ ಅದರಲ್ಲಿ ಸೆಲ್ಲಿನ ತುದಿಯ ತಗಡು ಮೊದಲು ತುಕ್ಕು ಹಿಡಿದು ಚಾರ್ಜ್ ಒಳಗೇ ಉಳಿಯಬಹುದು.

ವಾರಕ್ಕೊಂದು ಸಂಜೆ ಮಾತ್ರ ಆ ಪದವಿನ ಬಯಲಿಗೆ ಹೋಗುವ ನನಗೆ ನಿಧಾನವಾಗಿ ತುಂಬುವ, ಉದ್ದಕ್ಕೆ ಹಾರಿಸುವ ಪ್ಯಾಕೇ ಒಗ್ಗಿತು. ಈ ಸಲ ಅಡಿಕೆ ಕೊಟ್ಟ ಮೇಲೆ ಇನ್ನೂ ಮೂರು ಸೆಲ್ ತರಿಸುತ್ತೇನೆ, ಪಟ್ಟಿ ಮೊದಲೇ ಎರಡು ಪದರ ಹಾಕಿಸುತ್ತೇನೆ.