ಒಂದೇ ಪತ್ರಿಕೆ, ಮೂರು ಅಳತೆ: ಗಾರ್ಡಿಯನ್ ಓದಿದ ಹದಿನೇಳು ವರ್ಷ

ಕಳೆದ ವಾರ ಶಿವಮೊಗ್ಗದ ನಮ್ಮ ಮನೆಯ ಊಟದ ಮೇಜಿನ ಮೇಲೆ ಒಂದೇ ಪತ್ರಿಕೆಯ ಮೂರು ಸಂಚಿಕೆಗಳನ್ನು ಹರಡಿ, ಹೆಂಡತಿಯ ಹೊಲಿಗೆ ಡಬ್ಬಿಯಿಂದ ಟೇಪು ತಂದು ಅಳೆದೆ. ಮೂರೂ ಲಂಡನ್ನಿನ ‘ದಿ ಗಾರ್ಡಿಯನ್’. ಒಂದು 2005ರ ಸೆಪ್ಟೆಂಬರ್ 10ರ ಶನಿವಾರದ್ದು, ಹಳೆಯ ದೊಡ್ಡ ಹಾಳೆಯ, ಅಂದರೆ ಬ್ರಾಡ್‌ಶೀಟಿನ, ಕೊನೆಯ ಸಂಚಿಕೆ. ಇನ್ನೊಂದು ಅದರ ಮರುದಿನವಾದ ಭಾನುವಾರ ಕಳೆದು ಸೋಮವಾರ, ಸೆಪ್ಟೆಂಬರ್ 12ರಂದು ಬಂದ, ‘ಬರ್ಲಿನರ್’ ಎಂಬ ನಡುವಣ ಅಳತೆಯ ಮೊದಲ ಸಂಚಿಕೆ. ಮೂರನೆಯದು 2018ರ ಜನವರಿ 15ರ ಮೊದಲ ಟ್ಯಾಬ್ಲಾಯ್ಡ್. ನಾನು 2002ರಿಂದ 2019ರವರೆಗೆ ಈಸ್ಟ್ ಹ್ಯಾಮಿನಲ್ಲಿದ್ದು, ಡಿಸ್ಟ್ರಿಕ್ಟ್ ಮಾರ್ಗದ ರೈಲಿನಲ್ಲಿ ಟವರ್ ಹಿಲ್‌ವರೆಗೆ ದಿನವೂ ಹೋಗಿಬರುತ್ತಿದ್ದೆನಾದ್ದರಿಂದ ಈ ಮೂರು ಅಳತೆಗಳನ್ನೂ ರೈಲಿನಲ್ಲಿ, ಅಡುಗೆಮನೆಯಲ್ಲಿ, ಹಾಸಿಗೆಯಲ್ಲಿ ಬಳಸಿ ನೋಡಿದ್ದೇನೆ. ಯಾವುದು ಹೇಗಿತ್ತು, ಯಾರು ಏಕೆ ಗೊಣಗಿದರು ಎಂಬುದನ್ನು ಬರೆದಿಡಬೇಕೆನಿಸಿತು.

ಅಳತೆಯಿಂದಲೇ ಶುರುಮಾಡುತ್ತೇನೆ. ಬ್ರಾಡ್‌ಶೀಟಿನ ಒಂದು ಪುಟ ಸುಮಾರು 37 ಸೆಂ.ಮೀ. ಅಗಲ, 58 ಸೆಂ.ಮೀ. ಎತ್ತರ, ಬರ್ಲಿನರ್ 31.5 ಸೆಂ.ಮೀ. ಅಗಲ, 47 ಸೆಂ.ಮೀ. ಎತ್ತರ, ಟ್ಯಾಬ್ಲಾಯ್ಡ್ ಹೆಚ್ಚೂಕಡಿಮೆ 29ಕ್ಕೆ 37. ಮೊದಲನೆಯದರ ಅಗಲವೇ ಮೂರನೆಯದರ ಎತ್ತರವೆಂಬುದು ಟೇಪು ಹಿಡಿದ ಕೂಡಲೇ ಗೊತ್ತಾಗುತ್ತದೆ, ಏಕೆಂದರೆ ಬ್ರಾಡ್‌ಶೀಟನ್ನು ನಡುವೆ ಮಡಿಸಿದರೆ ಸಿಗುವುದೇ ಟ್ಯಾಬ್ಲಾಯ್ಡ್. ಕಾಗದದ ಸುರುಳಿ ಓಡುವ ದೊಡ್ಡ ಮುದ್ರಣಯಂತ್ರದಲ್ಲಿ ಹಾಳೆ ಎಲ್ಲಿ ಕತ್ತರಿಸಿಕೊಳ್ಳಬೇಕೆಂಬುದನ್ನು ಉರುಳೆಯ ಸುತ್ತಳತೆ ನಿಶ್ಚಯಿಸುತ್ತದೆ. ಸುರುಳಿಯ ಅಗಲವನ್ನು ಬೇಕಾದರೆ ಕಿರಿದು ಮಾಡಬಹುದು, ಉರುಳೆಯನ್ನು ಹಾಗೆ ಮಾಡಲಾಗದು. ಆದ್ದರಿಂದ ಬ್ರಾಡ್‌ಶೀಟ್ ಅಚ್ಚುಹಾಕುವ ಯಂತ್ರದಲ್ಲಿಯೇ ಟ್ಯಾಬ್ಲಾಯ್ಡನ್ನೂ ತೆಗೆಯಬಹುದು, ಬರ್ಲಿನರ್‌ಗೆ ಮಾತ್ರ ಬೇರೆ ಯಂತ್ರವೇ ಬೇಕು. ಗಾರ್ಡಿಯನ್ ಅದಕ್ಕಾಗಿ ಜರ್ಮನಿಯ ಮಾನ್ ರೋಲಾಂಡ್ ಯಂತ್ರಗಳನ್ನು ತರಿಸಿ, ಲಂಡನ್ ಮತ್ತು ಮ್ಯಾಂಚೆಸ್ಟರಿನಲ್ಲಿ ಸ್ಥಾಪಿಸಿ, ಸುಮಾರು 8 ಕೋಟಿ ಪೌಂಡ್ ಖರ್ಚು ಮಾಡಿತು. ಹದಿಮೂರು ವರ್ಷ ತುಂಬುವ ಮೊದಲೇ ಆ ಯಂತ್ರಗಳನ್ನು ಕೈಬಿಟ್ಟು, ಟ್ರಿನಿಟಿ ಮಿರರ್ ಸಂಸ್ಥೆಯ ಮುದ್ರಣಾಲಯಗಳಿಗೆ ಕೆಲಸ ಒಪ್ಪಿಸಿ, ಟ್ಯಾಬ್ಲಾಯ್ಡಿಗೆ ಇಳಿಯಿತು. ಓದುಗರ ಇಷ್ಟಾನಿಷ್ಟದ ಮಾತು ಬಂದಾಗಲೆಲ್ಲ ನನಗೆ ಈ ಉರುಳೆಗಳ ನೆನಪಾಗುತ್ತದೆ.

ಓದುಗರನ್ನೇ ನೇರವಾಗಿ ಕೇಳಿದ ಪತ್ರಿಕೆ ಎಂದರೆ ‘ದಿ ಇಂಡಿಪೆಂಡೆಂಟ್’. ಅದು 2003ರ ಸೆಪ್ಟೆಂಬರ್ 30ರಿಂದ ಲಂಡನ್ ಪ್ರದೇಶದಲ್ಲಿ ಅದೇ ಸುದ್ದಿ, ಅದೇ ಲೇಖನಗಳನ್ನು ಎರಡು ಅಳತೆಗಳಲ್ಲಿ ಪಕ್ಕಪಕ್ಕದಲ್ಲಿ ಮಾರಾಟಕ್ಕಿಟ್ಟಿತು. ‘ದಿ ಟೈಮ್ಸ್’ ಅದೇ ನವೆಂಬರಿನಲ್ಲಿ ಅದೇ ದಾರಿ ಹಿಡಿಯಿತು. ಎರಡೂ ಪತ್ರಿಕೆಗಳು ಚಿಕ್ಕ ಅಳತೆಯನ್ನು ‘ಕಾಂಪ್ಯಾಕ್ಟ್’ ಎಂದು ಕರೆದವೇ ಹೊರತು ಟ್ಯಾಬ್ಲಾಯ್ಡ್ ಎನ್ನಲಿಲ್ಲ. ಆ ಊರಿನಲ್ಲಿ ಟ್ಯಾಬ್ಲಾಯ್ಡ್ ಎಂದರೆ ನಟನಟಿಯರ ಮನೆಜಗಳ ಮತ್ತು ಕಿರುಚುವ ತಲೆಬರಹ ಎಂಬ ಭಾವನೆ ಬೇರೂರಿತ್ತು. ನಮ್ಮಲ್ಲಿ 1980ರಲ್ಲಿ ಶುರುವಾದ ಲಂಕೇಶ್ ಪತ್ರಿಕೆಯನ್ನು ಓದಿ ಬೆಳೆದವನಾದ ನನಗೆ ಆ ಅಳತೆಯ ಬಗ್ಗೆ ಅಂಥ ತಾತ್ಸಾರವೇನೂ ಇರಲಿಲ್ಲ. ಆಗ ಕುತೂಹಲಕ್ಕೆಂದು ಒಂದು ವಾರ ಇಂಡಿಪೆಂಡೆಂಟಿನ ಎರಡೂ ಅಳತೆಗಳನ್ನು ಕೊಂಡು, ಹೋಗುವಾಗ ದೊಡ್ಡದು, ಬರುವಾಗ ಚಿಕ್ಕದು ಎಂದು ಓದಿ ನೋಡಿದ್ದೆ. ಬೆಳಗಿನ ಪ್ರಯಾಣದಲ್ಲಿ ನಾಲ್ಕು ಪುಟ ಮುಗಿಯುವುದು ಕಷ್ಟವಾಗುತ್ತಿತ್ತು. ಸಂಜೆ ಅದೇ ಅರ್ಧ ಗಂಟೆಯಲ್ಲಿ ಇಡೀ ಪತ್ರಿಕೆಯನ್ನು ತಿರುವಿಹಾಕಿ, ಎರಡು ಲೇಖನಗಳನ್ನು ಪೂರ್ತಿ ಓದಿರುತ್ತಿದ್ದೆ. ನನ್ನಂತೆಯೇ ಊರಿನವರಿಗೂ ಅನಿಸಿರಬೇಕು. 2004ರ ಮೇ ತಿಂಗಳಲ್ಲಿ ಇಂಡಿಪೆಂಡೆಂಟ್ ದೊಡ್ಡದನ್ನು ನಿಲ್ಲಿಸಿತು, ನವೆಂಬರ್ 1ರಿಂದ ಟೈಮ್ಸ್ ಕೂಡ ನಿಲ್ಲಿಸಿತು.

ರೈಲಿನಲ್ಲಿ ಬ್ರಾಡ್‌ಶೀಟ್ ಓದುವುದಕ್ಕೆ ಒಂದು ವರಸೆಯೇ ಇತ್ತು. ಪುಟವನ್ನು ಮೊದಲು ಉದ್ದಕ್ಕೆ ಮಡಿಸಿ, ಬಳಿಕ ಅಡ್ಡಕ್ಕೆ ಮಡಿಸಿ, ಕೈಯಲ್ಲಿ ಹಿಡಿಸುವಷ್ಟು ಮಾಡಿಕೊಂಡು, ಕಾಲುಪುಟ ಓದಿದ ಮೇಲೆ ಇಡೀ ಕಟ್ಟನ್ನು ಮಗುಚಿ ಹಾಕಬೇಕು. ಮೆಜೆಸ್ಟಿಕ್‌ನಿಂದ ಹೊರಡುವ ಸಿಟಿ ಬಸ್ಸುಗಳಲ್ಲಿ ನಮ್ಮವರೂ ಇದನ್ನೇ ಮಾಡುತ್ತಿದ್ದರು, ಆದ್ದರಿಂದ ನನಗೆ ಕೈ ಬೇಗ ಕೂಡಿತು. ಆದರೂ ಒಮ್ಮೆ ವೈಟ್‌ಚಾಪೆಲ್ ಬಳಿ ರೈಲು ಜಗ್ಗಿದಾಗ ನನ್ನ ಪತ್ರಿಕೆಯ ಕೆಳಮೂಲೆ ಪಕ್ಕದಲ್ಲಿದ್ದ ಹೆಂಗಸಿನ ಕಾಫಿ ಲೋಟದೊಳಗೆ ಅದ್ದಿಹೋಯಿತು. ಆಕೆ ಏನೂ ಅನ್ನದೆ ಲೋಟವನ್ನೂ ನನ್ನನ್ನೂ ಒಮ್ಮೊಮ್ಮೆ ನೋಡಿದಳು. ಬರ್ಲಿನರ್ ಬಂದ ಮೇಲೆ ಮಡಿಸುವ ಅಗತ್ಯ ಅರ್ಧಕ್ಕಿಳಿಯಿತು: ಕುಳಿತರೆ ಬಿಚ್ಚಿ ಓದಬಹುದು, ನಿಂತರೆ ಒಂದೇ ಮಡಿಕೆ ಸಾಕು. ಟ್ಯಾಬ್ಲಾಯ್ಡಿಗೆ ಅದೂ ಬೇಡ. ರೈಲಿನ ಮಟ್ಟಿಗೆ ಟ್ಯಾಬ್ಲಾಯ್ಡೇ ಮೇಲು ಎಂಬುದರಲ್ಲಿ ವಾದವಿಲ್ಲ. 2018ರ ಹೊತ್ತಿಗೆ ರೈಲಿನಲ್ಲಿ ಬಹುತೇಕರು ಫೋನಿನಲ್ಲೇ ಓದುತ್ತಿದ್ದರು ಎಂಬುದು ಬೇರೆ ಮಾತು.

ಮನೆಯೊಳಗೆ ಬಂದರೆ ಲೆಕ್ಕ ತಿರುಗುಮುರುಗಾಗುತ್ತದೆ. ಬ್ರಾಡ್‌ಶೀಟಿನ ಕಾಲದಲ್ಲಿ ಮುಖ್ಯ ಪತ್ರಿಕೆಯ ಜೊತೆಗೆ ‘ಜಿ2’ ಎಂಬ ಪುರವಣಿ ಬರುತ್ತಿತ್ತು ಮತ್ತು ಅದು ಆಗಲೇ ಟ್ಯಾಬ್ಲಾಯ್ಡ್ ಅಳತೆಯಲ್ಲಿತ್ತು. ಹಾಗಾಗಿ ಬೆಳಗಿನ ತಿಂಡಿಯ ವೇಳೆಗೆ ನನಗೆ ಸುದ್ದಿ, ಹೆಂಡತಿಗೆ ಜಿ2 ಎಂದು ಜಗಳವಿಲ್ಲದ ಹಂಚಿಕೆ ನಡೆದಿತ್ತು. ಬರ್ಲಿನರ್‌ನಲ್ಲಿ ಕ್ರೀಡೆ ದಿನವೂ ಪ್ರತ್ಯೇಕ ವಿಭಾಗವಾಯಿತು. ಜಿ2 ಪಿನ್ನು ಹೊಡೆದ ಪುಟ್ಟ ನಿಯತಕಾಲಿಕದಂತಾಯಿತು. ಮೂರು ಜನರಿರುವ ಮನೆಗೆ ಮೂರು ತುಂಡು. ಟ್ಯಾಬ್ಲಾಯ್ಡಿನಲ್ಲಿ ಕ್ರೀಡೆ ಮತ್ತೆ ಮುಖ್ಯ ಪತ್ರಿಕೆಯ ಹಿಂಬದಿಗೆ ಸೇರಿಕೊಂಡಿತು, ಅಭಿಪ್ರಾಯ ಲೇಖನಗಳು ‘ಜರ್ನಲ್’ ಎಂಬ ಒಳಹಾಳೆಗೆ ಹೋದವು. ನಾನು ಮುಂದಿನಿಂದ ಓದುವಾಗ ಮಗ ಹಿಂದಿನಿಂದ ಫುಟ್ಬಾಲ್ ಓದಲು ಕತ್ತು ಓರೆಮಾಡಿ ಕೂರುವ ಪರಿಸ್ಥಿತಿ ಬಂದಾಗ, ಹಳೆಯ ಹಂಚಿಕೆಯ ಬೆಲೆ ತಿಳಿಯಿತು. ಕಚೇರಿಯಲ್ಲಿ ನನ್ನ ಎದುರಿಗೆ ಕೂರುತ್ತಿದ್ದ ವಯಸ್ಸಾದ ಸಹೋದ್ಯೋಗಿಯ ದೂರೂ ಇದೇ ಆಗಿತ್ತು. ಅಳತೆಯ ಬಗ್ಗೆ ಆತ ಒಂದು ಮಾತನ್ನೂ ಆಡಲಿಲ್ಲ. ಭಾನುವಾರ ಬಿಟ್ಟು ಉಳಿದ ಆರು ದಿನವೂ ಗಂಡಹೆಂಡಿರು ಒಂದೇ ವೇಳೆಗೆ ಓದಲಾಗುವುದಿಲ್ಲ ಎಂಬುದೇ ಆತನ ಕೊರಗು.

ಇನ್ನೊಂದು ರೀತಿಯ ಓದು ನಮ್ಮ ಅಪ್ಪಯ್ಯನದು. 2005ರ ಬೇಸಿಗೆಯಲ್ಲಿ ಊರಿನಿಂದ ಬಂದಿದ್ದ ಅವರು ಪತ್ರಿಕೆಯನ್ನು ಎಂದೂ ಕೈಯಲ್ಲಿ ಹಿಡಿದು ಓದಿದವರಲ್ಲ. ಬೆಳಕು ಬೀಳುವ ಕಿಟಕಿಯ ಮುಂದೆ ನೆಲದ ಮೇಲೆ ಹಾಳೆಯನ್ನು ಪೂರ್ತಿ ಹರಡಿ, ಚಕ್ಕಂಬಕ್ಕಳ ಹಾಕಿ ಕುಳಿತು, ಎರಡೂ ಅಂಗೈಗಳನ್ನು ಹಾಳೆಯ ಮೇಲೂರಿ ಬಗ್ಗಿ ಓದುವರು. ಮೇಲಿನ ಭಾಗ ಮುಗಿದ ಮೇಲೆ ಕುಳಿತಲ್ಲಿಂದ ಒಂದು ಗೇಣು ಹಿಂದೆ ಸರಿಯುವರು. ಬಿಚ್ಚಿದ ಬ್ರಾಡ್‌ಶೀಟ್ ಅಂದರೆ ಮುಕ್ಕಾಲು ಮೀಟರ್ ಅಗಲ, ಅದರ ಮುಂದೆ ಕುಳಿತವನಿಗೆ ಜಗತ್ತೇ ಹಾಸಿದಂತೆ. ಓದಿ ಮುಗಿದ ಮೇಲೆ ಅದೇ ಹಾಳೆಯ ಮೇಲೆ ಅಮ್ಮ ಹುರುಳಿಕಾಯಿ ಬಿಡಿಸಲು ಕೂರುವರು. ಸೆಪ್ಟೆಂಬರ್ 12ರಂದು ಹೊಸ ಸಂಚಿಕೆ ತಂದುಕೊಟ್ಟಾಗ ಅಪ್ಪಯ್ಯ ಅದನ್ನು ಹಿಂದೆಮುಂದೆ ತಿರುಗಿಸಿ ನೋಡಿ, “ಇದೆಂತದಾ, ಪೇಪರೋ ಪಂಚಾಂಗವೋ?” ಎಂದರು. “ಓದ್ಲಿಕ್ಕೆ ಸುಲಭ ಅಪ್ಪಯ್ಯ, ಕೈಯಲ್ಲೇ ಹಿಡ್ಕೊಂಡು ಓದ್ಬಹುದು” ಎಂದೆ. “ಕೈಯಲ್ಲಿ ಹಿಡ್ಕೊಂಡ್ರೆ ಕನ್ನಡಕ ಸರಿ ಮಾಡ್ಕೊಳೋದು ಯಾವ ಕೈಯಲ್ಲಿ?” ಎಂದು ಕೇಳಿದ ಅವರ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಪುಟದ ಅಳತೆಯ ಬಗ್ಗೆ ನಾನು ಕೇಳಿದ ಟೀಕೆಗಳಲ್ಲಿ ಇದಕ್ಕಿಂತ ನಿಖರವಾದದ್ದು ಇನ್ನೊಂದಿಲ್ಲ.

ಅಂದಹಾಗೆ ಅದೇ ಸೆಪ್ಟೆಂಬರ್ 12ರಂದು ಓವಲ್ ಮೈದಾನದಲ್ಲಿ ಪೀಟರ್ಸನ್ 158 ರನ್ ಹೊಡೆದು, ಹದಿನಾರು ವರ್ಷಗಳ ಬಳಿಕ ಆಷಸ್ ಇಂಗ್ಲೆಂಡಿಗೆ ಮರಳಿದ್ದರಿಂದ, ಕಚೇರಿಯಲ್ಲಿ ಹೊಸ ಪತ್ರಿಕೆಯ ಸುದ್ದಿ ಎತ್ತಿದವರೇ ಇಲ್ಲ. ಗೊಣಗಾಟ ಶುರುವಾದದ್ದು ಮರುದಿನದಿಂದ, ಮತ್ತು ಅದು ಅಳತೆಯ ಕುರಿತಾಗಿರಲಿಲ್ಲ. ವಿನ್ಯಾಸ ಬದಲಿಸುವ ಗಡಿಬಿಡಿಯಲ್ಲಿ ‘ಡೂನ್ಸ್‌ಬರಿ’ ಎಂಬ ಅಮೆರಿಕದ ಚಿತ್ರಪಟ್ಟಿಯನ್ನು ಕೈಬಿಡಲಾಗಿತ್ತು. ಕೋಟಿಗಟ್ಟಲೆ ಪೌಂಡಿನ ಯಂತ್ರ, ಪಾಲ್ ಬಾರ್ನ್ಸ್ ಮತ್ತು ಕ್ರಿಶ್ಚಿಯನ್ ಶ್ವಾರ್ಟ್ಸ್ ಹೊಸದಾಗಿ ರೂಪಿಸಿದ ಗಾರ್ಡಿಯನ್ ಈಜಿಪ್ಶಿಯನ್ ಅಕ್ಷರ, ಮಾರ್ಕ್ ಪೋರ್ಟರ್ ವರ್ಷಗಟ್ಟಲೆ ತಿದ್ದಿದ ಪುಟವಿನ್ಯಾಸ, ಇವೆಲ್ಲ ಒಂದು ಕಡೆಯಾದರೆ, ಅಂಗೈಯಗಲದ ಆ ಚಿತ್ರಪಟ್ಟಿ ಎಲ್ಲಿ ಹೋಯಿತೆಂದು ಕೇಳುವ ಪತ್ರಗಳು ಇನ್ನೊಂದು ಕಡೆ. ಪತ್ರಿಕೆ ತಪ್ಪೊಪ್ಪಿಕೊಂಡು ಕೆಲವೇ ದಿನಗಳಲ್ಲಿ ಅದನ್ನು ವಾಪಸು ತಂದಿತು. ಇದರಲ್ಲಿ ನಗುವಂಥದ್ದೇನೂ ನನಗೆ ಕಾಣಲಿಲ್ಲ. ವಾಚಕರ ವಾಣಿ, ಪದಬಂಧ, ಅಂದಿನ ಪಂಚಾಂಗ ಇವು ಎಂದಿನ ಮೂಲೆಯಲ್ಲಿ ಸಿಗದಿದ್ದ ದಿನ ನಮ್ಮ ಮನೆಗಳಲ್ಲಿ ಏನಾಗುತ್ತದೆಂದು ನೆನೆದುಕೊಂಡರೆ ಸಾಕು. ಓದುಗನ ಕೈ ಪುಟದ ಮೇಲೆ ರೂಢಿಯ ದಾರಿಯಲ್ಲಿ ಓಡಾಡುತ್ತದೆ. ಅಕ್ಷರದ ಮುಖ ಬದಲಾದರೆ ಅದು ಒಂದು ವಾರದಲ್ಲಿ ಹೊಂದಿಕೊಂಡೀತು, ದಾರಿಯಲ್ಲಿದ್ದ ಅಂಗಡಿಯೇ ಮುಚ್ಚಿಹೋದರೆ ಹೊಂದಿಕೊಳ್ಳುವುದಿಲ್ಲ.

ಇಷ್ಟು ಹೇಳಿಯೂ, ಮೂರರ ನಡುವಿನ ನಿಜವಾದ ವ್ಯತ್ಯಾಸ ಕಂಡದ್ದು ಮೊನ್ನೆ ಮೂರು ಮುಖಪುಟಗಳನ್ನು ಒಟ್ಟಿಗೆ ನೋಡಿದಾಗಲೇ. ಬ್ರಾಡ್‌ಶೀಟಿನ ಮುಖಪುಟದಲ್ಲಿ ಹಲವು ಸುದ್ದಿಗಳು ತಮ್ಮ ತಮ್ಮ ತೂಕಕ್ಕೆ ತಕ್ಕ ಜಾಗ ಹಿಡಿದು ಕುಳಿತಿರುತ್ತವೆ. ಇಂದು ಯಾವುದು ದೊಡ್ಡದು, ಯಾವುದು ಅದರ ಅರ್ಧದಷ್ಟು, ಯಾವುದು ಅಡಿಯಲ್ಲಿರಬೇಕಾದದ್ದು ಎಂಬ ಸಂಪಾದಕನ ತೀರ್ಮಾನ ಒಂದೇ ನೋಟಕ್ಕೆ ತಿಳಿಯುತ್ತದೆ, ಬೇಕಾದರೆ ಓದುಗ ಮನಸ್ಸಿನಲ್ಲೇ ಜಗಳವಾಡಬಹುದು. ಟ್ಯಾಬ್ಲಾಯ್ಡಿನಲ್ಲಿ ಈ ಕೂಟಕ್ಕೆ ಜಾಗ ಸಾಲದು. ಒಂದು ಸುದ್ದಿ, ಒಂದು ಚಿತ್ರ, ಮತ್ತೊಂದಕ್ಕೆ ಮೂಲೆಯಲ್ಲಿ ನಾಲ್ಕು ಸಾಲು. ಒಳಪುಟಗಳಲ್ಲೂ ಪುಟಕ್ಕೊಂದೇ ಮುಖ್ಯ ವರದಿ ಬರುವುದರಿಂದ ಎಲ್ಲ ಸುದ್ದಿಗಳೂ ಹೆಚ್ಚುಕಡಿಮೆ ಒಂದೇ ಎತ್ತರದವರಂತೆ ಕಾಣುತ್ತವೆ. ಇಂಡಿಪೆಂಡೆಂಟ್ ಚಿಕ್ಕದಾದ ಮೇಲೆ ಮುಖಪುಟವನ್ನು ಇಡಿಯಾಗಿ ಒಂದೇ ವಿಷಯಕ್ಕೆ, ಅದೂ ಭಿತ್ತಿಪತ್ರದಂತೆ, ಮೀಸಲಿಡತೊಡಗಿದ್ದು ಇದೇ ಒತ್ತಡದಿಂದಲೂ ಇರಬಹುದು. ಪ್ರಧಾನಿ ಟೋನಿ ಬ್ಲೇರ್ 2007ರ ಜೂನ್‌ನಲ್ಲಿ ಮಾಧ್ಯಮಗಳ ಕುರಿತು ಮಾಡಿದ ಭಾಷಣದಲ್ಲಿ ಆ ಪತ್ರಿಕೆಯನ್ನು ಹೆಸರಿಸಿ, ಅದು ಸುದ್ದಿಗಿಂತ ಅಭಿಪ್ರಾಯದ ಪತ್ರಿಕೆಯಾಗಿದೆ ಎಂಬರ್ಥದಲ್ಲಿ ಚುಚ್ಚಿದ್ದರು. ಬ್ಲೇರ್ ಅವರಿಗೆ ಸಿಟ್ಟು ಬರಲು ಇರಾಕ್ ಯುದ್ಧದ ಕುರಿತ ಆ ಪತ್ರಿಕೆಯ ನಿಲುವೂ ಕಾರಣವೆಂಬುದನ್ನು ಮರೆಯಬಾರದು, ಆದರೂ ಅಳತೆ ಬದಲಾದರೆ ಪತ್ರಿಕೆಯ ದನಿಯೂ ಬದಲಾಗುತ್ತದೆಂಬುದಕ್ಕೆ ಆ ಮುಖಪುಟಗಳಿಗಿಂತ ಬೇರೆ ಸಾಕ್ಷಿ ಬೇಡ.

ಬರ್ಲಿನರ್ ಇವೆರಡರ ನಡುವೆ ನಿಲ್ಲುತ್ತದೆ. ಬ್ರಾಡ್‌ಶೀಟಿನ ಮೂರನೆಯ ಎರಡರಷ್ಟು ಜಾಗ, ಐದು ಅಂಕಣ, ಮೂರು ನಾಲ್ಕು ಸುದ್ದಿಗಳು ಒಟ್ಟಿಗೆ ಕುಳಿತು ಮಾತನಾಡುವಷ್ಟು ವಿಸ್ತಾರ. ಪ್ರತಿ ಪುಟವೂ ಬಣ್ಣದಲ್ಲಿ ಅಚ್ಚಾಗುತ್ತಿತ್ತು ಮತ್ತು ನಟ್ಟನಡುವಿನ ಎರಡು ಪುಟಗಳನ್ನು ಒಂದೇ ಛಾಯಾಚಿತ್ರಕ್ಕೆ ಬಿಟ್ಟುಕೊಡುತ್ತಿದ್ದರು. ಬಿಚ್ಚಿದರೆ 63 ಸೆಂ.ಮೀ. ಅಗಲದ ಚಿತ್ರ, ನಡುವೆ ಗೆರೆಯಿಲ್ಲ. ಮಗನ ಕೋಣೆಯ ಗೋಡೆಗೆ ಅಂಥ ಹತ್ತಾರು ಚಿತ್ರಗಳು ಅಂಟಿಕೊಂಡಿದ್ದವು. ನೀಲಿ ಪಟ್ಟಿಯಲ್ಲಿ ಬಿಳಿಯ ಸಣ್ಣಕ್ಷರಗಳ ಹೆಸರು ಮಾತ್ರ ನನಗೆ ಕೊನೆಯವರೆಗೂ ಒಗ್ಗಲಿಲ್ಲ. 1988ರಲ್ಲಿ ಡೇವಿಡ್ ಹಿಲ್‌ಮನ್ ರೂಪಿಸಿದ್ದ, ಓರೆಯಾದ ‘ದಿ’ ಪಕ್ಕದಲ್ಲಿ ದಪ್ಪ ‘ಗಾರ್ಡಿಯನ್’ ಇದ್ದ ಹಳೆಯ ಶಿರೋನಾಮೆಯ ಗತ್ತು ಅದಕ್ಕಿರಲಿಲ್ಲ. 2018ರ ಕಪ್ಪು ಶಿರೋನಾಮೆಗೆ ಆ ಗತ್ತು ಸ್ವಲ್ಪ ಮರಳಿತೆನ್ನಬಹುದು, ಆದರೆ ಅಷ್ಟು ಹೊತ್ತಿಗೆ ಅದು ಕೂರುವ ಪುಟವೇ ಅರ್ಧವಾಗಿತ್ತು.

ಭಾರತದಲ್ಲಿ ಅಳತೆಯ ಪ್ರಯೋಗ ವಿರಳ. ಅದೇ 2005ರಲ್ಲಿ ‘ದಿ ಹಿಂದೂ’ ಪತ್ರಿಕಾ ವಿನ್ಯಾಸಕ ಮಾರಿಯೊ ಗಾರ್ಸಿಯಾ ಅವರ ಕೈಯಲ್ಲಿ ಹೊಸ ರೂಪ ಪಡೆದರೂ ಬ್ರಾಡ್‌ಶೀಟಾಗಿಯೇ ಉಳಿಯಿತು. 2007ರ ಫೆಬ್ರುವರಿಯಲ್ಲಿ ಹುಟ್ಟಿದ ‘ಮಿಂಟ್’ ಬರ್ಲಿನರ್ ಆಗಿ ಬಂದು, ಮುಂದೆ ಬ್ರಾಡ್‌ಶೀಟಿಗೆ ಹೊರಳಿತು. ಇಲ್ಲಿ ಪತ್ರಿಕೆಯನ್ನು ಬಹುಪಾಲು ಮಂದಿ ಓದುವುದು ಮನೆಯ ಜಗಲಿಯಲ್ಲಿ, ಸಲೂನಿನ ಬೆಂಚಿನಲ್ಲಿ, ಹೋಟೆಲಿನ ಮೇಜಿನಲ್ಲಿ; ಒಂದೇ ಪ್ರತಿ ನಾಲ್ಕು ಕೈಗೆ ಹಂಚಿಹೋಗಬೇಕು. ಹಾಳೆ ಹಾಳೆಯಾಗಿ ಬಿಡಿಸಿಕೊಳ್ಳುವ ಆ ಓದಿಗೆ ದೊಡ್ಡ ಪುಟವೇ ಸರಿಹೊಂದುತ್ತದೆ.

ಮೂರರಲ್ಲಿ ಒಂದನ್ನು ಆರಿಸು ಎಂದರೆ ನಾನು ಬರ್ಲಿನರ್ ಎನ್ನುತ್ತೇನೆ. ಅದು ಬಂದ ತಿಂಗಳು ಗಾರ್ಡಿಯನ್ನಿನ ಪ್ರಸಾರ 4 ಲಕ್ಷ ದಾಟಿತ್ತು, ಟ್ಯಾಬ್ಲಾಯ್ಡ್ ಬಂದಾಗ 1.5 ಲಕ್ಷದ ಆಸುಪಾಸಿಗೆ ಇಳಿದಿತ್ತು. ಈ ಇಳಿತಕ್ಕೆ ಬರ್ಲಿನರ್ ಕಾರಣವಲ್ಲ, ಅದನ್ನು ತಡೆಯುವ ಶಕ್ತಿಯೂ ಅದಕ್ಕಿರಲಿಲ್ಲ. ಅಷ್ಟು ಕಡಿಮೆ ಪ್ರತಿಗಳಿಗಾಗಿ ಬೇರಾರಿಗೂ ಬೇಡವಾದ ಅಳತೆಯ ಯಂತ್ರಗಳನ್ನು ಓಡಿಸುವುದು ದುಬಾರಿ ಎಂಬ ಲೆಕ್ಕವನ್ನೂ ನಾನು ಒಪ್ಪುತ್ತೇನೆ. ಸಂಚಿಕೆಗಳನ್ನು ಇಟ್ಟಿದ್ದ ರಟ್ಟಿನ ಪೆಟ್ಟಿಗೆಯಲ್ಲಿ ಟ್ಯಾಬ್ಲಾಯ್ಡ್ ಮಡಿಕೆಯಿಲ್ಲದೆ ಹಿಡಿಸುತ್ತದೆ. ಬ್ರಾಡ್‌ಶೀಟನ್ನು ನಾಲ್ಕು ಮಡಿಕೆ ಮಾಡಿ ಇಟ್ಟಿದ್ದರಿಂದ ಮಡಿಕೆಯ ಗೆರೆಯಲ್ಲಿ ಹರಿದು, ಮುಖಪುಟದ ತಲೆಬರಹವೊಂದರ ಅಕ್ಷರಗಳು ಅಡ್ಡಲಾಗಿ ಸೀಳಿಹೋಗಿವೆ. ಇವೆರಡನ್ನೂ ಮತ್ತೆ ಪೆಟ್ಟಿಗೆಗೆ ಸೇರಿಸಿದ್ದಾಯಿತು. ಬರ್ಲಿನರ್ ಮಾತ್ರ ಇನ್ನೂ ಮೇಜಿನ ಮೇಲಿದೆ. ಅದರಲ್ಲಿ ಅರ್ಧಕ್ಕೆ ಬಿಟ್ಟಿದ್ದ ಪದಬಂಧ ಹೆಂಡತಿಯ ಕಣ್ಣಿಗೆ ಬಿದ್ದಿದೆ.