ಮೆಡ್ ಟಿವಿ, ರೋಜ್ ಟಿವಿ: ಮೊದಲು ಯಾವುದರ ಬಗ್ಗೆ ಓದಬೇಕು?

ಟರ್ಕಿ, ಇರಾಕ್, ಇರಾನ್, ಸಿರಿಯಾಗಳಲ್ಲಿ ಹರಡಿರುವ ಕುರ್ದಿಶ್ ಜನ ಪರದೇಶದಿಂದ ನಡೆಸಿದ ಟಿವಿಗಳ ಬಗ್ಗೆ ಓದಲು ಹೊರಟಿದ್ದರೆ ಮೆಡ್ ಟಿವಿಯಿಂದ ಶುರು ಮಾಡಿ.

1995ರಲ್ಲಿ ಬ್ರಿಟನ್ನಿನ ಲೈಸೆನ್ಸ್ ಪಡೆದು ಅದು ಶುರುವಾಯಿತು. ಸ್ಟುಡಿಯೊ ಬೆಲ್ಜಿಯಂನಲ್ಲಿ. ಟರ್ಕಿಯಲ್ಲಿ 1991ರವರೆಗೂ ಕುರ್ದಿಶ್‌ನಲ್ಲಿ ಪುಸ್ತಕ ಅಚ್ಚು ಹಾಕುವಂತಿರಲಿಲ್ಲ. ಆಮೇಲೂ ಟಿವಿ, ರೇಡಿಯೊಗೆ ಅವಕಾಶವಿರಲಿಲ್ಲ. ಅಂಥ ಊರಲ್ಲಿ ಮಾಳಿಗೆಯ ಡಿಶ್‌ನಿಂದ ಸುದ್ದಿ, ಹಾಡು, ಮಕ್ಕಳ ಕಾರ್ಯಕ್ರಮ ಎಲ್ಲ ಮನೆಮಾತಿನಲ್ಲೇ ಬಂದರೆ ಹೇಗಾಗಬೇಡ! ಕುರ್ಮಾಂಜಿ, ಸೊರಾನಿ, ಜಾಜಾಕಿ ಎಂಬ ಕುರ್ದರ ಬೇರೆ ಬೇರೆ ಮಾತುಗಳು ಒಂದೇ ಪರದೆಯ ಮೇಲೆ ಕೇಳಿಸಿದವು. ಟರ್ಕಿ ಸರ್ಕಾರ ಡಿಶ್‌ಗಳ ಮೇಲೂ ಕಣ್ಣಿಟ್ಟಿತು. 1999ರಲ್ಲಿ ಬ್ರಿಟನ್ನೇ ಲೈಸೆನ್ಸ್ ರದ್ದು ಮಾಡಿತು. ಹಿಂಸೆಗೆ ಪ್ರಚೋದನೆ ಎಂಬುದು ಅದು ಕೊಟ್ಟ ಕಾರಣ.

ಭಾಷೆಗಿಂತ ಕಾನೂನು, ರಾಜತಂತ್ರದಲ್ಲಿ ಆಸಕ್ತಿ ಜಾಸ್ತಿ ಇದ್ದರೆ ರೋಜ್ ಟಿವಿ ಆರಿಸಿಕೊಳ್ಳಿ. 2004ರಲ್ಲಿ ಡೆನ್ಮಾರ್ಕ್ ಲೈಸೆನ್ಸ್‌ನಲ್ಲಿ ಶುರುವಾಯಿತು. ಅದರ ವರದಿಗಾರ ಕೋಣೆಯಲ್ಲಿದ್ದಾನೆಂದು 2005ರಲ್ಲಿ ಟರ್ಕಿಯ ಆಗಿನ ಪ್ರಧಾನಿ ಎರ್ಡೊಗಾನ್ ಡೆನ್ಮಾರ್ಕ್ ರಾಜಧಾನಿ ಕೋಪನ್‌ಹೇಗನ್‌ನ ಪತ್ರಿಕಾಗೋಷ್ಠಿಗೆ ಬರಲೇ ಇಲ್ಲ. ಟರ್ಕಿ ವಿರುದ್ಧ ಶಸ್ತ್ರ ಹಿಡಿದಿದ್ದ ಕುರ್ದಿಶ್ ಸಂಘಟನೆ ಪಿಕೆಕೆಯ ಪರ ಪ್ರಚಾರ ಮಾಡಿದೆ ಎಂದು 2012ರಲ್ಲಿ ಡೆನ್ಮಾರ್ಕ್ ಕೋರ್ಟ್ ದಂಡ ಹಾಕಿತು. ಉಪಗ್ರಹ ಕಂಪನಿ ಯೂಟೆಲ್‌ಸ್ಯಾಟ್ ಕೂಡಲೇ ಪ್ರಸಾರ ನಿಲ್ಲಿಸಿತು. ಮರುವರ್ಷ ಲೈಸೆನ್ಸೂ ಹೋಯಿತು.

ಪಿಕೆಕೆ ನಂಟಿನ ಆರೋಪ ಎರಡಕ್ಕೂ ಇತ್ತು. ಅದನ್ನು ಬಿಟ್ಟು ಓದಬೇಡಿ. ಆದರೂ ನನ್ನ ಮನಸ್ಸು ಮೆಡ್ ಕಡೆಗೇ. ಟರ್ಕಿ ಸರ್ಕಾರ 2009ರಲ್ಲಿ ತಾನೇ ಟಿಆರ್‌ಟಿ 6 ಎಂಬ ಕುರ್ದಿಶ್ ಚಾನೆಲ್ ತೆರೆಯಿತಲ್ವಾ, ಅದಕ್ಕೆ ಹದಿನಾಲ್ಕು ವರ್ಷ ಮೊದಲೇ ಈ ಜನ ದಾರಿ ತೋರಿಸಿದ್ದರು.