ಕೆಳಗಿನ ಪೋರ್ಶನ್‌ಗೆ ಕರೆಂಟು: ಮೂರೂ ದಾರಿ ನೋಡಿ ಆಯ್ತು

ಶಿರಸಿಯ ನಮ್ಮ ಮನೆ ದಿಬ್ಬದ ಮೇಲಿದೆ. ಕೆಳಗೆ ಅಡಿಕೆ ಇಡುತ್ತಿದ್ದ ಕೋಣೆ ಖಾಲಿ ಬಿದ್ದಿತ್ತು. 2021ರಲ್ಲಿ ಅದಕ್ಕೆ ಅಡುಗೆಮನೆ, ಬಚ್ಚಲು ಸೇರಿಸಿ ಒಂದು ಪೋರ್ಶನ್ ಮಾಡಿದೆವು. ಆಯಿಗೆ ಮೊಣಕಾಲು ನೋವು, ಮೆಟ್ಟಿಲು ಹತ್ತುವುದು ತಪ್ಪಲಿ ಅಂತ. ಟೈಲ್ಸ್ ಬಗ್ಗೆ ತಿಂಗಳುಗಟ್ಟಲೆ ಚರ್ಚೆ ಆಯ್ತು, ಕರೆಂಟಿನ ಬಗ್ಗೆ ಐದು ನಿಮಿಷವೂ ಇಲ್ಲ. ಅದರ ಫಲವಾಗಿ ಮೂರು ರೀತಿಯಲ್ಲೂ ಮಾಡಿ ನೋಡುವ ಯೋಗ ಬಂತು.

ಮೊದಲನೆಯದು ಸುಲಭದ ದಾರಿ. ಮೇಲಿನ ಅಡುಗೆಮನೆಯ ದೊಡ್ಡ ಸಾಕೆಟ್ಟಿನ ಲೈನಿನಿಂದಲೇ ಕೆಳಕ್ಕೆ ಎಳೆದದ್ದು. 2.5 ಸ್ಕ್ವೇರ್ ಎಂಎಂ ವೈರು, 16 ಆಂಪ್ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬಿದ್ದು ಲೈನು ಕಡಿಯುವ ಸ್ವಿಚ್ಚು). ಕೆಳಗೆ 2,000 ವಾಟ್ ಗೀಸರು, 2,000 ವಾಟ್ ಇಂಡಕ್ಷನ್ ಒಲೆ. ಅವೆರಡಕ್ಕೇ 17 ಆಂಪ್ ಆಯ್ತಲ್ವಾ? ಜೊತೆಗೆ ನಾವು ಮೇಲೆ ಕೆಟಲ್ ಇಟ್ಟರೆ 24ರ ಹತ್ತಿರ. ಒಂದೆರಡು ನಿಮಿಷ ತಡೆದು ಎಂಸಿಬಿ ಬೀಳುತ್ತಿತ್ತು. ಸರಿಯಾಗಿ ಆಯಿ ತಲೆಗೆ ಸ್ನಾನ ಮಾಡುವಾಗ.

“25ರದ್ದು ಹಾಕಿಬಿಡ್ಲಾ ಮಾರಾಯ್ರೆ?” ಅಂದ ವೈರಿಂಗ್ ಮಾಡಿದ ಹುಡುಗ. ಬೇಡ ಅಂದೆ. ಎಂಸಿಬಿ ಇರುವುದು ವೈರನ್ನು ಕಾಯುವುದಕ್ಕೆ. ಅದನ್ನು ದೊಡ್ಡದು ಮಾಡಿ ವೈರು ಹಾಗೇ ಬಿಟ್ಟರೆ, ಬೀಳುವುದೇನೋ ನಿಲ್ಲುತ್ತದೆ, ಗೋಡೆಯೊಳಗೆ ವೈರು ಬಿಸಿಯಾಗುವುದು ಶುರು. ಒಂದು ಲೈಟು, ಒಂದು ಫ್ಯಾನು ಇರುವ ಕೋಣೆಗೆ ಈ ದಾರಿ ಸಾಕು. ಅಡುಗೆ ಮಾಡುವ ಮನೆಗೆ ಅಲ್ಲ.

ಎರಡನೆಯದು, ಮೇನ್ ಬೋರ್ಡಿನಿಂದಲೇ ಕೆಳಗಿನ ಮನೆಗೆ ಪ್ರತ್ಯೇಕ ಲೈನು. 6 ಸ್ಕ್ವೇರ್ ಎಂಎಂ ತಾಮ್ರದ ವೈರು, ಶುರುವಿಗೆ 32 ಆಂಪ್ ಎಂಸಿಬಿ. ಕೆಳಗೆ ಅದರದ್ದೇ ಸಣ್ಣ ಬೋರ್ಡು, 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟು ಸೋರಿದರೆ ಲೈನು ಕಡಿಯುವ ಸ್ವಿಚ್ಚು), ಕೆಳಗಿನ ಯೂನಿಟ್ ಲೆಕ್ಕಕ್ಕೆ ಒಂದು ಸಬ್‌ಮೀಟರ್. ಎಂಸಿಬಿ ಬೀಳುವುದು ನಿಂತೇ ಹೋಯಿತು.

ಆದರೆ ಆಷಾಢದ ಮಳೆಯಲ್ಲಿ ಬೇರೆ ಆಟ. ಕೆಳಗೆ ಗೀಸರಿನಲ್ಲಿ ಕರೆಂಟು ಲೀಕೇಜ್ ಆದರೆ ಮೇಲಿನ ಮನೆಯೂ ಕತ್ತಲೆ. ನೋಡಿದರೆ ಕೆಳಗಿನ ಲೈನು ಹೊರಟಿದ್ದು ಮೇಲಿನ ಆರ್‌ಸಿಸಿಬಿ ದಾಟಿದ ಮೇಲೆ! ಅದನ್ನು ಆರ್‌ಸಿಸಿಬಿಗಿಂತ ಹಿಂದಕ್ಕೆ ತಂದು, ಗೀಸರಿನ ಕಾಯಿಲ್ ಬದಲಿಸಿದೆವು. ಆದರೂ ಕೆಳಗೆ ಫ್ಯಾನ್ ಹಾಕಿದರೆ ಮೇಲೆ ಕರೆಂಟ್ ಹೋಗುವುದು ತಪ್ಪಲಿಲ್ಲ. ಇದಕ್ಕೆ ಎರಡು ವಾರ ತಲೆ ಕೆಡಿಸಿಕೊಂಡೆ. ಕಾರಣ ಇನ್ವರ್ಟರು. ಕೆಳಗಿನ ಫ್ಯಾನು, ಲೈಟಿಗೆ ಇನ್ವರ್ಟರಿನ ಫೇಸ್, ಅಂದರೆ ಕರೆಂಟು ಹೋಗುವ ವೈರು, ಮೇಲಿನಿಂದ ಬಂದಿತ್ತು. ವಾಪಸ್ ಬರುವ ವೈರು, ನ್ಯೂಟ್ರಲ್ ಮಾತ್ರ ಕೆಳಗಿನ ಬೋರ್ಡಿಗೆ ಸೇರಿಸಿದ್ದರು. ಆರ್‌ಸಿಸಿಬಿ ಹೋದ ಕರೆಂಟನ್ನೂ ವಾಪಸ್ ಬಂದ ಕರೆಂಟನ್ನೂ ತೂಗಿ ನೋಡುತ್ತದೆ. ಮೇಲಿನಿಂದ ಹೋದದ್ದು ಕೆಳಗಿನ ದಾರಿಯಲ್ಲಿ ವಾಪಸಾದರೆ ಅದು ಸುಮ್ನೆ ಕೂರುತ್ತದಾ? ಇನ್ವರ್ಟರ್ ಫೇಸಿನ ಜೊತೆಗೇ ಅದರ ನ್ಯೂಟ್ರಲ್ಲನ್ನೂ ಇಳಿಸಿದ ಮೇಲೆ ನೆಮ್ಮದಿ.

2023ರಲ್ಲಿ ಆಯಿ ಕಾರವಾರದ ತಂಗಿ ಮನೆಗೆ ಹೋದಳು. ಕೆಳಗೆ ಬಾಡಿಗೆಯವರು ಬಂದರು. ಅದೇ ವರ್ಷ ಸರ್ಕಾರದ ಉಚಿತ ಕರೆಂಟಿನ ಯೋಜನೆ ಗೃಹಜ್ಯೋತಿಯೂ ಬಂತು. ಆಗ ಸಬ್‌ಮೀಟರಿನ ನಿಜವಾದ ಖರ್ಚು ಕಂಡಿತು. ಮೇಲೆ 130, ಕೆಳಗೆ 90 ಯೂನಿಟ್. ಬೇರೆ ಬೇರೆ ನೋಡಿದರೆ ಎರಡೂ ಕಮ್ಮಿ, ಒಂದೇ ಮೀಟರಿನಲ್ಲಿ 220. 200 ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಅದನ್ನು ಬಾಡಿಗೆಯವರ ಜೊತೆ ಹೇಗೆ ಹಂಚುವುದು? “ನಾವು ಉರಿಸಿದ್ದು ತೊಂಬತ್ತೇ ಅಲ್ವಾ” ಅಂದರು. ಅವರು ಹೇಳಿದ್ದು ತಪ್ಪೇನೂ ಅಲ್ಲ.

ಹಾಗಾಗಿ ಮೂರನೆಯದು, ಕೆಳಗಿನ ಮನೆಗೆ ಬೇರೆ ಮೀಟರ್, ಬೇರೆ ಆರ್.ಆರ್. ನಂಬರ್ (ಕರೆಂಟು ಬಿಲ್ಲಿನ ಮೇಲಿರುವ ಸಂಪರ್ಕದ ನಂಬರ್). ಲೈಸೆನ್ಸ್ ಇರುವ ಕಂಟ್ರಾಕ್ಟರ್ ಬೇಕು, ಠೇವಣಿ ಇಡಬೇಕು, ಓಡಾಟವೂ ಇದೆ. ಮನೆ ಖಾಲಿ ಇದ್ದರೂ ತಿಂಗಳ ನಿಗದಿತ ಶುಲ್ಕ ತಪ್ಪುವುದಿಲ್ಲ. ಆದರೆ ಬಾಡಿಗೆಯವರು ತಮ್ಮ ಆಧಾರ್ ಕೊಟ್ಟು ಗೃಹಜ್ಯೋತಿ ಮಾಡಿಸಿಕೊಂಡರು. ಯೂನಿಟ್ಟಿನ ಮಾತೇ ನಿಂತಿತು.

ನನ್ನನ್ನು ಕೇಳಿದರೆ, ಇರುವುದು ಮನೆಯವರೇ ಆದರೆ ಎರಡನೆಯದೇ ಸಾಕು. ಹೊರಗಿನವರಿಗೆ ಕೊಡುವುದಾದರೆ ಮೊದಲೇ ಮೂರನೆಯದು ಮಾಡಿಸಿ. ಎರಡಕ್ಕೂ 6 ಸ್ಕ್ವೇರ್ ಎಂಎಂ ವೈರು, ಕೆಳಗಿನದ್ದೇ ಬೋರ್ಡು ಬೇಕೇ ಬೇಕು. ಅದಕ್ಕೇ ನಮ್ಮಲ್ಲಿ ಮೀಟರ್ ಬದಲಾದಾಗ ಗೋಡೆ ಒಡೆಯಬೇಕಾಗಲಿಲ್ಲ.

ಬಿಚ್ಚಿದ ಸಬ್‌ಮೀಟರನ್ನು ಬಾವಿಯ ಪಂಪಿಗೆ ಹಾಕಿದ್ದೇನೆ. ಮೇಲಿನ 130ರಲ್ಲಿ ಪಂಪಿನ ಪಾಲು ಎಷ್ಟು ಅಂತ ಈಗ ಗೊತ್ತಾಗುತ್ತಿದೆ. ಹೆಂಡತಿಯ ಗ್ರೈಂಡರನ್ನು ಇಷ್ಟು ದಿನ ಸುಮ್ನೆ ಬೈದೆ.